ಅಫಿಡವಿಟ್: ಮಾಡಿಸುವ ಕಾಗದವೋ, ಮಾಡುವ ಆಣೆಯೋ?

ಪ್ರಶ್ನೆ: ಮಗನ 371(ಜೆ) ಅರ್ಹತಾ ಪತ್ರಕ್ಕೆ (ನಮ್ಮ ಕಲ್ಯಾಣ ಕರ್ನಾಟಕದವರಿಗೆ ಶಿಕ್ಷಣ, ನೌಕರಿಗಳಲ್ಲಿ ಮೀಸಲಾತಿ ಕೊಡುವ ಸಂವಿಧಾನದ ವಿಧಿಯದು) ಅರ್ಜಿ ಹಾಕಿದಾಗ, ನನ್ನ ಹೆಸರು ಒಂದು ದಾಖಲೆಯಲ್ಲಿ ‘ಶರಣಪ್ಪ’ ಎಂದೂ ಇನ್ನೊಂದರಲ್ಲಿ ‘ಶರಣಬಸಪ್ಪ’ ಎಂದೂ ಇರುವುದರಿಂದ ಒಂದು ‘ಪ್ರಮಾಣಪತ್ರ’ ಬೇಕೆಂದು ಕಚೇರಿಯಲ್ಲಿ ಹೇಳಿದರು. ನಾನು ಓದಿದ ಶಾಲೆಗೆ ಹೋಗಿ ಮುಖ್ಯೋಪಾಧ್ಯಾಯರ ಸಹಿಯಿರುವ ಪ್ರಮಾಣಪತ್ರ ತಂದುಕೊಟ್ಟೆ. ‘ಇದಲ್ಲ, ಅಫಿಡವಿಟ್ ಮಾಡಿಸಿಕೊಂಡು ಬನ್ನಿ’ ಎಂದು ಮರಳಿಸಿದರು. ಪತ್ರಿಕೆಗಳಲ್ಲಿ ‘ಸರ್ಕಾರ ಹೈಕೋರ್ಟಿಗೆ ಪ್ರಮಾಣಪತ್ರ ಸಲ್ಲಿಸಿತು’ ಎಂದು ಓದಿದ್ದೇನೆ. ನಮ್ಮ ಅಜ್ಜ ಇದನ್ನೇ ಹಲಫ್‌ನಾಮಾ ಎನ್ನುತ್ತಿದ್ದರು. ಅಫಿಡವಿಟ್ ಎಂಬುದರ ಸರಿಯಾದ ಅರ್ಥವೇನು, ಕನ್ನಡದಲ್ಲಿ ಯಾವ ಪದ ಬಳಸಬೇಕು?
— ಜೇವರ್ಗಿಯ ಓದುಗರು

ಉತ್ತರ: ನೀವು ಎರಡು ಸಲ ಅಲೆದದ್ದರಲ್ಲಿ ನಿಮ್ಮ ತಪ್ಪು ಏನೂ ಇಲ್ಲ. ‘ಪ್ರಮಾಣಪತ್ರ’ ಎಂಬ ಒಂದೇ ಪದದ ತಲೆಯ ಮೇಲೆ ನಾವು ಎರಡು ಹೊರೆ ಹೊರಿಸಿದ್ದೇವೆ, ಅದರ ಫಲ ನಿಮ್ಮ ಪಾಲಿಗೆ ಬಂತು. ಜನನ ಪ್ರಮಾಣಪತ್ರ, ಜಾತಿ ಪ್ರಮಾಣಪತ್ರ, ಆದಾಯ ಪ್ರಮಾಣಪತ್ರ ಎನ್ನುವಾಗ ಆ ಪದಕ್ಕೆ ಸರ್ಟಿಫಿಕೇಟ್ ಎಂದು ಅರ್ಥ. ಅಲ್ಲಿ ಮಾತಾಡುವವನು ಅಧಿಕಾರಿ: ತನ್ನ ಕಚೇರಿಯ ದಾಖಲೆಯನ್ನು ನೋಡಿ, ಇಂಥವರ ವಿಷಯ ಹೀಗಿದೆ ಎಂದು ಅವನು ನಿಮ್ಮ ಬಗ್ಗೆ ಹೇಳುತ್ತಾನೆ. ಹೈಕೋರ್ಟಿಗೆ ಪ್ರಮಾಣಪತ್ರ ಸಲ್ಲಿಕೆಯಾಯಿತು ಎನ್ನುವಾಗ ಅದೇ ಪದಕ್ಕೆ ಅಫಿಡವಿಟ್ ಎಂದು ಅರ್ಥ. ಅಲ್ಲಿ ಮಾತಾಡುವವನು ಸಹಿ ಹಾಕಿದ ವ್ಯಕ್ತಿಯೇ. ತನಗೆ ಗೊತ್ತಿರುವುದನ್ನು ತಾನೇ, ಆಣೆಯಿಟ್ಟು ಹೇಳುತ್ತಾನೆ. ಶರಣಪ್ಪನೂ ಶರಣಬಸಪ್ಪನೂ ಒಬ್ಬನೇ ಎಂಬುದನ್ನು ಶಾಲೆಯ ಮುಖ್ಯೋಪಾಧ್ಯಾಯರು ಹೇಳಲಾರರು, ಏಕೆಂದರೆ ಅವರ ದಾಖಲೆಯಲ್ಲಿರುವುದು ಒಂದೇ ಹೆಸರು. ಆ ಮಾತನ್ನು ಹೇಳಬಲ್ಲವರು ನೀವು.

ಅಫಿಡವಿಟ್ ಇಂಗ್ಲಿಷಿನ ಮೂಲಕ ನಮ್ಮಲ್ಲಿಗೆ ಬಂದರೂ ಅದು ಮಧ್ಯಯುಗದ ಲ್ಯಾಟಿನ್ ಪದ. ನೋಡಲು ನಾಮಪದದಂತಿರುವ ಇದು ಹುಟ್ಟಿನಿಂದ ಕ್ರಿಯಾಪದ. ‘ಅಫಿಡಾರೆ’ ಎಂಬ ಧಾತುವಿನ ಪ್ರಥಮ ಪುರುಷ, ಏಕವಚನ, ಭೂತಕಾಲದ ರೂಪವಿದು. ‘ಅವನು ನಂಬುಗೆಯಿಟ್ಟು ಹೇಳಿದ್ದಾನೆ’ ಅಥವಾ ‘ಅವಳು ಆಣೆಯಿಟ್ಟು ಹೇಳಿದ್ದಾಳೆ’ ಎಂಬ ಪೂರ್ತಿ ವಾಕ್ಯ ಈ ಒಂದು ಪದದೊಳಗಿದೆ. ಅದರ ಒಡಲಲ್ಲಿರುವ ‘ಫಿಡೆಸ್’ ಎಂದರೆ ನಂಬಿಕೆ, ವಿಶ್ವಾಸ. ಕಾನೂನಿನ ಲ್ಯಾಟಿನ್ ಪದಗಳಲ್ಲಿ ಹೀಗೆ ಹೆಪ್ಪುಗಟ್ಟಿದ ಕ್ರಿಯಾಪದಗಳು ಬಹಳ. ಸಂವಿಧಾನದ 32 ಮತ್ತು 226ನೆಯ ವಿಧಿಗಳಲ್ಲಿ ಬರುವ ರಿಟ್‌ಗಳನ್ನೇ, ಅಂದರೆ ಉನ್ನತ ನ್ಯಾಯಾಲಯಗಳ ವಿಶೇಷ ಆಜ್ಞೆಗಳನ್ನೇ ನೋಡಿ: ಮ್ಯಾಂಡಮಸ್ ಎಂದರೆ ‘ನಾವು ಆಜ್ಞಾಪಿಸುತ್ತೇವೆ’, ಹೇಬಿಯಸ್ ಕಾರ್ಪಸ್ ಎಂದರೆ ‘ಆ ದೇಹವನ್ನು ನೀನು ಮುಂದೆ ತರತಕ್ಕದ್ದು’. ವೀಟೋ ಎಂದರೆ ‘ನಾನು ನಿಷೇಧಿಸುತ್ತೇನೆ’ ಎಂಬ ನೇರ ಮಾತು. ಪ್ರತಿಯೊಂದರ ಒಳಗೂ ಯಾರೋ ಒಬ್ಬರು ಮಾತಾಡುತ್ತಿದ್ದಾರೆ.

‘ಫಿಡೆಸ್’ನ ಇನ್ನೊಂದು ಮಗುವನ್ನು ನೀವು ದಿನವೂ ನೋಡುತ್ತೀರಿ. ಶಾಲೆಯಿಂದ ತರುವ ‘ಬೋನಾಫೈಡ್’ ಅದೇ. ‘ಬೋನಾ ಫಿಡೆ’ ಎಂದರೆ ಸದ್ಭಾವದಿಂದ, ಕಪಟವಿಲ್ಲದೆ ಎಂದು ಅರ್ಥ; ನಮ್ಮಲ್ಲಿ ಅದು ‘ಈ ಹುಡುಗ ನಮ್ಮ ಶಾಲೆಯ ಅಸಲಿ ವಿದ್ಯಾರ್ಥಿ’ ಎಂಬ ಸರ್ಟಿಫಿಕೇಟಿನ ಹೆಸರಾಗಿಬಿಟ್ಟಿದೆ. ಒಂದೇ ತಾಯಿಯ ಎರಡು ಪದಗಳು, ಒಂದು ಸರ್ಟಿಫಿಕೇಟಿನ ಕಡೆಗೂ ಇನ್ನೊಂದು ಆಣೆಯ ಕಡೆಗೂ ಹೋಗಿ, ನಿಮ್ಮ ಒಂದೇ ಅರ್ಜಿಯಲ್ಲಿ ಮತ್ತೆ ಎದುರುಬದುರಾದವು.

ಕನ್ನಡದ ಕಡೆಗೆ ಬರೋಣ. ‘ಪ್ರಮಾಣ’ ಎಂಬ ಸಂಸ್ಕೃತ ಪದದ ಮೂಲದಲ್ಲಿರುವುದು ಅಳೆಯುವ ಕ್ರಿಯೆ. ಸಾರಿನಲ್ಲಿ ಉಪ್ಪಿನ ಪ್ರಮಾಣ ಎನ್ನುವಾಗ ಅದೇ ಅರ್ಥ ಉಳಿದಿದೆ. ಅಲ್ಲಿಂದ ಅದು ಅರಿವಿನ ಸಾಧನ, ಆಧಾರ, ರುಜುವಾತು ಎಂಬ ಅರ್ಥಗಳನ್ನು ಪಡೆಯಿತು. ಅಲ್ಲಿಂದ ಮುಂದೆ, ಮಾತಿಗೆ ಆಧಾರವಾಗಿ ದೇವರನ್ನೋ ಆತ್ಮಸಾಕ್ಷಿಯನ್ನೋ ಮುಂದಿಡುವ ‘ಪ್ರಮಾಣ ಮಾಡುವುದು’ ಬಂತು. ಸರ್ಟಿಫಿಕೇಟಿನವರು ರುಜುವಾತು ಎಂಬ ಅರ್ಥವನ್ನು ಹಿಡಿದರು, ಕೋರ್ಟಿನವರು ಆಣೆ ಎಂಬ ಅರ್ಥವನ್ನು ಹಿಡಿದರು. ಇಬ್ಬರೂ ತಪ್ಪು ಮಾಡಲಿಲ್ಲ. ಆದರೆ ಇಬ್ಬರೂ ಒಂದೇ ಮನೆಗೆ ಬಾಡಿಗೆಗೆ ಬಂದರು. ಇದರಿಂದ ಹುಟ್ಟಿದ ದೊಡ್ಡ ತೊಡಕೆಂದರೆ, ಅಫಿಡವಿಟ್ ಕೂಡ ಸರ್ಟಿಫಿಕೇಟಿನಂತೆ ಏನನ್ನೋ ರುಜುವಾತುಪಡಿಸಿಬಿಡುತ್ತದೆ ಎಂಬ ಭ್ರಮೆ. ನೋಟರಿಯ ಮೊಹರು ಬಿದ್ದ ಮಾತ್ರಕ್ಕೆ ಒಳಗಿನ ಮಾತು ನಿಜವೆಂದು ಸರ್ಕಾರ ಒಪ್ಪಿತು ಎಂದು ತಿಳಿದವರು ನಮ್ಮ ಭಾಗದಲ್ಲಿ ಕಡಿಮೆಯೇನಿಲ್ಲ. 1952ರ ನೋಟರಿ ಕಾಯ್ದೆಯ ಪ್ರಕಾರ ನೋಟರಿಯ ಅಧಿಕಾರಗಳಲ್ಲಿ ಪ್ರಮಾಣ ಬೋಧಿಸುವುದೂ ಅಫಿಡವಿಟ್ ಪಡೆಯುವುದೂ ಸೇರಿವೆ. ಆ ಮೊಹರು ಹೇಳುವುದು ಇಷ್ಟೇ: ಈ ವ್ಯಕ್ತಿ ನನ್ನೆದುರು ಬಂದು, ಆಣೆಯಿಟ್ಟು, ಸಹಿ ಮಾಡಿದ್ದಾನೆ. ಒಳಗಿನ ಮಾತಿನ ಭಾರವೆಲ್ಲ ಸಹಿ ಮಾಡಿದವನ ಹೆಗಲ ಮೇಲೆಯೇ ಉಳಿಯುತ್ತದೆ.

ಹಾಗಾದರೆ ಬೇರೆ ಕನ್ನಡ ಪದ ಯಾವುದು? ಹಿಂದಿಯನ್ನು ನೋಡಿ ಕೆಲವರು ‘ಶಪಥಪತ್ರ’ ಎಂದು ಬರೆಯುತ್ತಾರೆ. ಅದು ನನಗೆ ಒಗ್ಗುವುದಿಲ್ಲ. ಕನ್ನಡದ ಕಿವಿಗೆ ಶಪಥ ಎಂದ ಕೂಡಲೇ ಭೀಮನ ಶಪಥ ನೆನಪಾಗುತ್ತದೆ; ಅದು ಮುಂದೆ ಮಾಡಲಿರುವ ಕೆಲಸದ ಬಗ್ಗೆ ಆಡುವ ಛಲದ ಮಾತು. ಪ್ರತಿಜ್ಞೆಯೂ ಮುಂದಿನದು, ಕೊಟ್ಟ ಭಾಷೆಯೂ ಮುಂದಿನದು, ಮಂತ್ರಿಗಳ ಪ್ರಮಾಣವಚನವೂ ಮುಂದಿನದು. ಅಫಿಡವಿಟ್ ಸಾಮಾನ್ಯವಾಗಿ ನಡೆದುಹೋದದ್ದರ ಅಥವಾ ಈಗ ಇರುವುದರ ಬಗ್ಗೆ ಹೇಳುವ ಮಾತು. ಅದಕ್ಕೆ ತೀರ ಹತ್ತಿರವಾದ ಕನ್ನಡದ ಪದವೆಂದರೆ ‘ಆಣೆ’. ‘ಶರಣಬಸಪ್ಪನಾಣಿ, ನಾ ಅಲ್ಲಿ ಹೋಗಿಲ್ಲ’ ಎಂದು ಊರಿನ ಸಂತ ಶರಣಬಸಪ್ಪನ ಹೆಸರೆತ್ತಿ ಕಲಬುರಗಿಯ ಓಣಿಯಲ್ಲಿ ಹುಡುಗನೊಬ್ಬ ಹೇಳಿದರೆ, ನಂಬಿಕೆಯೊಂದನ್ನು ಒತ್ತೆಯಿಟ್ಟು ಸಂಗತಿಯೊಂದನ್ನು ಹೇಳುವ ಆ ಕ್ರಿಯೆ ಲ್ಯಾಟಿನ್ನಿನ ಅಫಿಡವಿಟ್‌ಗಿಂತ ಬೇರೆಯಲ್ಲ. ಆದರೂ ‘ಆಣೆಪತ್ರ’ ಎಂದು ಹೊಸದಾಗಿ ಟಂಕಿಸಿ ಕಚೇರಿಗೆ ಕೊಂಡೊಯ್ದರೆ ನಿಮ್ಮನ್ನು ಮೂರನೆಯ ಸಲವೂ ಮರಳಿಸಿಯಾರು.

ನಿಮ್ಮ ಅಜ್ಜನವರ ‘ಹಲಫ್‌ನಾಮಾ’ ಈ ವಿಷಯದಲ್ಲಿ ನಮ್ಮ ಇಂದಿನ ಪದಕ್ಕಿಂತ ನಿಖರವಾಗಿತ್ತು. ಹಲಫ್ ಎಂದರೆ ಅರಬಿಯಲ್ಲಿ ಆಣೆ, ನಾಮಾ ಎಂದರೆ ಫಾರಸಿಯಲ್ಲಿ ಪತ್ರ. 1948ರ ಸೆಪ್ಟೆಂಬರ್ 17ರವರೆಗೆ ಕಲಬುರಗಿ, ಬೀದರ್, ಯಾದಗಿರಿಗಳು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಕೋರ್ಟು ಕಚೇರಿಗಳ ಭಾಷೆ ಉರ್ದು. 1956ರ ನವೆಂಬರ್ 1ರಂದು ಈ ಸೀಮೆ ಮೈಸೂರು ರಾಜ್ಯಕ್ಕೆ ಸೇರಿದ ಮೇಲೂ ಹಳೆಯ ಪದಗಳು ಜನರ ಬಾಯಲ್ಲಿ ಬಹುಕಾಲ ಉಳಿದವು. ಕೆಲವು ಇಡೀ ಕರ್ನಾಟಕದ ಆಸ್ತಿಯಾಗಿವೆ: ವಕಾಲತ್ತು, ಪಂಚನಾಮೆ, ರಾಜೀನಾಮೆ. ಅಂದಹಾಗೆ ಉರ್ದುವಿನಲ್ಲಿ ರಾಜೀನಾಮಾ ಎಂದರೆ ರಾಜಿಯ ಪತ್ರ. ಕೆಲಸ ಬಿಡುವ ಅರ್ಥ ಕನ್ನಡ ಮರಾಠಿಗಳ ಸೇರಿಕೆ. ಹಲಫ್‌ನಾಮಾ ಮಾತ್ರ ಹಳಬರೊಂದಿಗೆ ಹೋಗುತ್ತಿದೆ. ಅದು ಉಳಿದಿದ್ದರೆ ಸರ್ಟಿಫಿಕೇಟಿಗೂ ಆಣೆಗೂ ನಡುವಿನ ಗೋಡೆ ಬೀಳುತ್ತಿರಲಿಲ್ಲ.

ಈಗ ನಿಮ್ಮ ಪ್ರಶ್ನೆಯಲ್ಲೇ ಇರುವ, ಆದರೆ ನೀವು ಕೇಳದ ಒಂದು ಮಾತು. ಕಚೇರಿಯವರು ‘ಅಫಿಡವಿಟ್ ಮಾಡಿಸಿಕೊಂಡು ಬನ್ನಿ’ ಎಂದರು. ನಾವೆಲ್ಲ ಹಾಗೆಯೇ ಹೇಳುತ್ತೇವೆ. ಬಟ್ಟೆ ಹೊಲಿಸುತ್ತೇವೆ, ಕ್ಷೌರ ಮಾಡಿಸುತ್ತೇವೆ, ಝೆರಾಕ್ಸ್ ಮಾಡಿಸುತ್ತೇವೆ, ಅಫಿಡವಿಟ್ ಮಾಡಿಸುತ್ತೇವೆ. ಈ ಪ್ರೇರಣಾರ್ಥಕ ಪ್ರತ್ಯಯ ಕನ್ನಡಕ್ಕೆ ಸಹಜ. ಆದರೆ ಆಣೆಯನ್ನು ಬೇರೆಯವರಿಂದ ಮಾಡಿಸಲು ಬರುವುದಿಲ್ಲ. ಟೈಪಿನವನು ಅಕ್ಷರ ಜೋಡಿಸಬಹುದು, ವಕೀಲರು ವಾಕ್ಯ ತಿದ್ದಬಹುದು, ನೋಟರಿ ಮೊಹರು ಒತ್ತಬಹುದು. ಆಣೆ ಮಾಡುವವರು ನೀವೊಬ್ಬರೇ. ಲ್ಯಾಟಿನ್ನಿನ ಆ ಕ್ರಿಯಾಪದಕ್ಕೆ ಒಬ್ಬನೇ ಕರ್ತೃ.

ನಾನು ಕೋರ್ಟಿನಲ್ಲಿ ಭಾಷಾಂತರದ ಕೆಲಸದಲ್ಲಿದ್ದಾಗ ಕಂಡ ಒಂದು ಪ್ರಸಂಗ ಇದಕ್ಕೆ ಸಂಬಂಧಿಸಿದ್ದು. ತಹಸೀಲ ಕಚೇರಿಯ ಎದುರಿನ ಟೈಪಿಂಗ್ ಅಂಗಡಿಯೊಂದರಲ್ಲಿ ಅಫಜಲಪುರದ ಕಡೆಯ ಮುದುಕಿಯೊಬ್ಬರು ಗಂಡ ತೀರಿದ ಬಳಿಕ ಬೇಕಾದ ಯಾವುದೋ ಕಾಗದಕ್ಕಾಗಿ ಕುಳಿತಿದ್ದರು. ಕಾಗದ ಹೊರಬಂತು. ‘ಇಲ್ಲಿ ಹೆಬ್ಬಟ್ಟ ಒತ್ತು ಆಯಿ’ ಎಂದು ಹುಡುಗ ಶಾಯಿಯ ಡಬ್ಬಿಯನ್ನು ಮುಂದೆ ಸರಿಸಿದ. ಆಕೆ ಬೆರಳನ್ನು ಶಾಯಿಯಲ್ಲಿ ಅದ್ದಿದವರು ಹಾಗೆಯೇ ತಡೆದರು. ‘ಏನ್ ಬರ್ದಿ ಒಮ್ಮೆ ಓದಿ ಹೇಳು ತಮ್ಮಾ. ಆಣಿ ಮಾಡಾಕಿ ನಾ ಅದೀನಿ, ನೀ ಅಲ್ಲ’ ಎಂದರು. ಹುಡುಗ ಬೇಸರದಿಂದಲೇ ಓದತೊಡಗಿದ. ಎರಡನೆಯ ಪ್ಯಾರಾದಲ್ಲಿ ‘ನಾನು ಅವಿವಾಹಿತನಾಗಿದ್ದು, ಯಾವುದೇ ಸರ್ಕಾರಿ ನೌಕರಿಯಲ್ಲಿರುವುದಿಲ್ಲ’ ಎಂದಿತ್ತು. ಬೆಳಗಿನ ಗಿರಾಕಿಯ ಕಾಗದದ ಮೇಲೆ ಹೆಸರನ್ನಷ್ಟೇ ಬದಲಿಸಿ ತೆಗೆದ ಪ್ರತಿ ಅದು. ಅಂಗಡಿಯಲ್ಲಿದ್ದವರು ನಕ್ಕರು, ಆಕೆ ನಗಲಿಲ್ಲ. ಬೆರಳಿನ ಶಾಯಿಯನ್ನು ಸೆರಗಿಗೆ ತಾಗದಂತೆ ಹಿಡಿದುಕೊಂಡು, ತಿದ್ದಿದ ಪ್ರತಿ ಬರುವವರೆಗೆ ಹಾಗೆಯೇ ಕುಳಿತಿದ್ದರು.

ಓದಿ ಹೇಳುವ ಈ ಕ್ರಮಕ್ಕೆ ಕಾನೂನಿನಲ್ಲೂ ಸ್ಥಾನವಿದೆ. ಸಂವಿಧಾನದ 348ನೆಯ ವಿಧಿಯ ಪ್ರಕಾರ ಹೈಕೋರ್ಟಿನ ಕಲಾಪದ ಭಾಷೆ ಇಂಗ್ಲಿಷ್. ಕಲಬುರಗಿಯಲ್ಲಿ 2008ರ ಜುಲೈನಲ್ಲಿ ಸಂಚಾರಿ ಪೀಠವಾಗಿ ಆರಂಭವಾಗಿ 2013ರಲ್ಲಿ ಕಾಯಂ ಪೀಠವಾದ ನಮ್ಮ ಹೈಕೋರ್ಟಿನಲ್ಲೂ ಅಫಿಡವಿಟ್ ಇಂಗ್ಲಿಷಿನಲ್ಲಿಯೇ ಹೋಗುತ್ತದೆ. ಕನ್ನಡವಷ್ಟೇ ಬಲ್ಲವರು ಅದಕ್ಕೆ ಸಹಿ ಮಾಡುವಾಗ, ಒಳಗಿನ ವಿಷಯವನ್ನು ಕನ್ನಡದಲ್ಲಿ ಓದಿ ಹೇಳಿ ತಿಳಿಸಲಾಯಿತು, ಅವರು ಅರ್ಥ ಮಾಡಿಕೊಂಡು ಸಹಿ ಮಾಡಿದರು ಎಂಬ ಒಕ್ಕಣೆ ಕೊನೆಯಲ್ಲಿರಬೇಕು. ಯಾರ ಮುಂದೆ, ಎಲ್ಲಿ, ಯಾವ ದಿನ ಆಣೆಯಾಯಿತು ಎಂದು ತಿಳಿಸುವ ಆ ಕೊನೆಯ ಭಾಗಕ್ಕೆ ಜುರಾಟ್ ಎನ್ನುತ್ತಾರೆ. ಅದೂ ‘ಆಣೆಯಿಡು’ ಎಂಬ ಲ್ಯಾಟಿನ್ ಕ್ರಿಯಾಪದದಿಂದ ಬಂದದ್ದೇ. ಒಕ್ಕಣೆ ಅಚ್ಚಾಗಿರುತ್ತದೆ, ಓದಿ ಹೇಳಿದರೋ ಇಲ್ಲವೋ ಎಂಬುದು ಕೇಳಿಸಿಕೊಳ್ಳಬೇಕಾದವರ ಹಟವನ್ನು ಅವಲಂಬಿಸಿದೆ.

ಬಳಕೆಯ ಬಗ್ಗೆ ನನ್ನ ಅಭಿಪ್ರಾಯ ಹೀಗಿದೆ. ಅಧಿಕಾರಿ ಕೊಡುವುದನ್ನು ‘ಪ್ರಮಾಣಪತ್ರ’ ಅಥವಾ ‘ದೃಢೀಕರಣ ಪತ್ರ’ ಎಂದು ಕರೆಯೋಣ, ನೀವು ಆಣೆಯಿಟ್ಟು ಕೊಡುವುದನ್ನು ಕನ್ನಡ ಲಿಪಿಯಲ್ಲಿ ‘ಅಫಿಡವಿಟ್’ ಎಂದೇ ಬರೆಯೋಣ. 2002ರಲ್ಲಿ ಸುಪ್ರೀಂ ಕೋರ್ಟು ಚುನಾವಣೆಗೆ ನಿಲ್ಲುವವರು ತಮ್ಮ ಮೇಲಿನ ಮೊಕದ್ದಮೆ, ಆಸ್ತಿ, ಸಾಲ, ವಿದ್ಯಾರ್ಹತೆಗಳ ವಿವರ ಕೊಡಬೇಕೆಂದು ಹೇಳಿದಾಗಿನಿಂದ ಪ್ರತಿ ಚುನಾವಣೆಯಲ್ಲಿ ಈ ಪದ ಹಳ್ಳಿಯ ಕಟ್ಟೆಯವರೆಗೆ ಬಂದಿದೆ, ಇನ್ನದು ಪರಕೀಯವಲ್ಲ. ‘ಪ್ರಮಾಣೀಕೃತ ಅಫಿಡವಿಟ್’ ಎಂದು ಬರೆಯಬೇಡಿ. ಇಂಗ್ಲಿಷಿನವರೂ ಈ ತಪ್ಪು ಮಾಡುತ್ತಾರೆ, ಆದರೆ ಆಣೆಯಾಗದ ಅಫಿಡವಿಟ್ ಎಂಬುದಿಲ್ಲ. ಅಲ್ಲಿಯವರೆಗೆ ಅದು ಬರಿ ಕರಡು. ಸಹಿ ಮಾಡುವವನು ಅಫಿಡವಿಟ್ ಮಾಡುತ್ತಾನೆ, ನೋಟರಿ ಅದನ್ನು ಪಡೆಯುತ್ತಾರೆ, ಕಚೇರಿಗೆ ಅದು ಸಲ್ಲಿಕೆಯಾಗುತ್ತದೆ. ನಿಮ್ಮ ವಿಷಯದಲ್ಲಿ, ಎರಡೂ ಹೆಸರುಗಳು ಯಾವ ಯಾವ ದಾಖಲೆಯಲ್ಲಿ ಹೇಗಿವೆ ಎಂಬುದನ್ನು ಅಕ್ಷರಶಃ ಬರೆದು, ಆ ಇಬ್ಬರೂ ನಾನೇ ಎಂದು ಹೇಳಿದರೆ ಸಾಕು. ಹಳೆಯ ಕಾಗದದಲ್ಲಿ ಊರು ‘ಗುಲಬರ್ಗಾ’ ಎಂದಿದ್ದರೆ ಅದಕ್ಕಾಗಿ ಗಾಬರಿ ಬೇಡ. 2014ರ ನವೆಂಬರ್ 1ರಿಂದ ಹೆಸರು ಬದಲಾದದ್ದು ಸರ್ಕಾರದ ಆದೇಶದಿಂದ, ಅದಕ್ಕೆ ನಿಮ್ಮ ಆಣೆ ಬೇಕಿಲ್ಲ.

ಪ್ರಶ್ನೆ: ಅಫಿಡವಿಟ್‌ಗಳ ಆರಂಭದಲ್ಲಿ ‘ಸತ್ಯನಿಷ್ಠೆಯಿಂದ ದೃಢೀಕರಿಸಿ, ಪ್ರಮಾಣ ಮಾಡಿ ಹೇಳುವುದೇನೆಂದರೆ’ ಎಂದು ಇರುತ್ತದೆ. ದೃಢೀಕರಿಸುವುದು, ಪ್ರಮಾಣ ಮಾಡುವುದು ಒಂದೇ ಅಲ್ಲವೇ? ಎರಡನ್ನೂ ಏಕೆ ಬರೆಯುತ್ತಾರೆ?
— ಹುಮನಾಬಾದಿನ ಕಾನೂನು ವಿದ್ಯಾರ್ಥಿನಿ

ಉತ್ತರ: ಒಂದೇ ಅಲ್ಲ. ಮಂತ್ರಿಗಳು ಅಧಿಕಾರ ವಹಿಸಿಕೊಳ್ಳುವಾಗ ಕೆಲವರು ‘ದೇವರ ಹೆಸರಿನಲ್ಲಿ ಪ್ರಮಾಣ ಮಾಡುತ್ತೇನೆ’ ಎನ್ನುವುದನ್ನೂ ಕೆಲವರು ‘ಸತ್ಯನಿಷ್ಠೆಯಿಂದ ದೃಢೀಕರಿಸುತ್ತೇನೆ’ ಎನ್ನುವುದನ್ನೂ ನೀವು ಕೇಳಿರಬಹುದು. ಸಂವಿಧಾನದ ಮೂರನೆಯ ಅನುಸೂಚಿ ಇವೆರಡರಲ್ಲಿ ಒಂದನ್ನು ಆಯ್ದುಕೊಳ್ಳಲು ಬಿಡುತ್ತದೆ. 1969ರ ಪ್ರಮಾಣಗಳ ಕಾಯ್ದೆಯೂ ಸಾಕ್ಷಿದಾರನಿಗೆ ಅದೇ ಸ್ವಾತಂತ್ರ್ಯ ಕೊಡುತ್ತದೆ. ದೇವರನ್ನು ಸಾಕ್ಷಿಗೆ ಕರೆಯಲೊಲ್ಲದವನು, ದೇವರ ಹೆಸರನ್ನು ಲೌಕಿಕ ವ್ಯವಹಾರಕ್ಕೆ ಎಳೆಯಬಾರದೆಂಬ ಭಕ್ತಿಯುಳ್ಳವನು, ಇಬ್ಬರೂ ದೃಢೀಕರಣದ ದಾರಿ ಹಿಡಿಯಬಹುದು. 1897ರ ಜನರಲ್ ಕ್ಲಾಸಸ್ ಕಾಯ್ದೆಯಲ್ಲಿ ಅಫಿಡವಿಟ್ ಎಂಬ ಪದಕ್ಕೆ ಕೊಟ್ಟ ವ್ಯಾಖ್ಯೆಯಲ್ಲಿ ಇಂಥ ದೃಢೀಕರಣವೂ ಘೋಷಣೆಯೂ ಸೇರಿವೆ. ಆದ್ದರಿಂದ ತೂಕದಲ್ಲಿ, ಸುಳ್ಳಾದರೆ ಬರುವ ಶಿಕ್ಷೆಯಲ್ಲಿ ಎರಡಕ್ಕೂ ವ್ಯತ್ಯಾಸವಿಲ್ಲ.

ಎರಡನ್ನೂ ಒಟ್ಟಿಗೆ ಬರೆಯುವುದು ಟೈಪಿನ ಮನೆಗಳ ಹಳೆಯ ರೂಢಿ. ಅದರಿಂದ ಅಫಿಡವಿಟ್ ಅಸಿಂಧುವಾಗುವುದಿಲ್ಲ, ಆದರೆ ಭಾಷೆಯ ದೃಷ್ಟಿಯಿಂದ ಅದು ‘ನಾನು ಚಹಾ ಕುಡಿಯುತ್ತೇನೆ, ಚಹಾ ಬದಲಿಗೆ ಕಾಫಿಯನ್ನೂ ಕುಡಿಯುತ್ತೇನೆ’ ಎಂದಂತೆ. ನೀವು ಮುಂದೆ ವಕೀಲರಾದಾಗ ಕಕ್ಷಿದಾರರನ್ನು ಕೇಳಿ ಒಂದನ್ನು ಉಳಿಸಿ.

ಇನ್ನೊಂದು ಸಂಗತಿ ನಿಮ್ಮ ಪಠ್ಯದಲ್ಲಿ ಇರಲಾರದು. ಬ್ರಿಟಿಷ್ ಭಾರತದ 1873ರ ಪ್ರಮಾಣಗಳ ಕಾಯ್ದೆಯಲ್ಲಿ, ಒಬ್ಬ ಪಕ್ಷಗಾರ ‘ಎದುರಾಳಿಯು ಇಂಥ ವಿಶೇಷ ರೀತಿಯಲ್ಲಿ ಆಣೆ ಮಾಡಿ ಹೇಳಿದರೆ ನಾನು ಒಪ್ಪುತ್ತೇನೆ’ ಎಂದು ಕೋರ್ಟಿನ ಮುಂದೆ ಸವಾಲು ಹಾಕಬಹುದಿತ್ತು. ಎದುರಾಳಿ ಹಾಗೆ ಆಣೆ ಮಾಡಿದರೆ ಆ ಮಾತೇ ನಿರ್ಣಾಯಕ ಪುರಾವೆ. ಗುಡಿಯ ಕಟ್ಟೆಯ ನ್ಯಾಯ ಕೋರ್ಟಿನ ಮೆಟ್ಟಿಲು ಹತ್ತಿದ್ದು ಹೀಗೆ. ಹೈದರಾಬಾದ್ ಸಂಸ್ಥಾನಕ್ಕೆ ಆ ಕಾಯ್ದೆ ಅನ್ವಯಿಸುತ್ತಿರಲಿಲ್ಲ, ಧಾರವಾಡ ಬೆಳಗಾವಿಗಳಿಗೆ ಅನ್ವಯಿಸುತ್ತಿತ್ತು. 1969ರ ಕಾಯ್ದೆ ಆ ಪದ್ಧತಿಯನ್ನು ಕೈಬಿಟ್ಟಿತು, ಒಳ್ಳೆಯದೇ ಮಾಡಿತು. ಧೈರ್ಯವಾಗಿ ಸುಳ್ಳಾಣೆ ಹಾಕಬಲ್ಲವನಿಗೆ ಅದರಿಂದ ಆಗುತ್ತಿದ್ದ ಲಾಭ ದೊಡ್ಡದು.

ಪ್ರಶ್ನೆ: ನಾನು ಟೈಪಿಂಗ್ ಮತ್ತು ಝೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದೇನೆ. ಪ್ರತಿ ಅಫಿಡವಿಟ್‌ನ ಕೊನೆಗೆ ‘ಮೇಲ್ಕಂಡ ಎಲ್ಲ ಸಂಗತಿಗಳು ನನ್ನ ತಿಳಿವಳಿಕೆ, ಮಾಹಿತಿ ಮತ್ತು ನಂಬಿಕೆಯ ಮಟ್ಟಿಗೆ ಸತ್ಯವಾಗಿರುತ್ತವೆ’ ಎಂದು ಹಾಕುತ್ತೇನೆ. ಒಬ್ಬ ಹಿರಿಯ ವಕೀಲರು ಇದು ತಪ್ಪು ಎಂದರು. ಏನು ತಪ್ಪು?
— ಯಾದಗಿರಿಯ ಓದುಗರು

ಉತ್ತರ: ವಕೀಲರ ಮಾತು ಸರಿ. ಆ ಮೂರು ಪದಗಳು ಮೂರು ಬೇರೆ ಬೇರೆ ಚೀಲಗಳು. ನೀವು ಎಲ್ಲವನ್ನೂ ಒಂದೇ ಚೀಲಕ್ಕೆ ಸುರಿಯುತ್ತಿದ್ದೀರಿ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 19ನೆಯ ಆದೇಶದ 3ನೆಯ ನಿಯಮವು ಅಫಿಡವಿಟ್ ಹೇಗಿರಬೇಕೆಂದು ಹೇಳುತ್ತದೆ: ಆಣೆ ಮಾಡುವವನು ತನ್ನ ಸ್ವಂತ ತಿಳಿವಿನಿಂದ ರುಜುವಾತು ಮಾಡಬಲ್ಲ ಸಂಗತಿಗಳಿಗೆ ಮಾತ್ರ ಅದು ಸೀಮಿತವಾಗಿರಬೇಕು, ಮೊಕದ್ದಮೆ ನಡೆಯುತ್ತಿರುವಾಗ ಹಾಕುವ ಮಧ್ಯಂತರ ಅರ್ಜಿಗಳಲ್ಲಿ ಮಾತ್ರ ನಂಬಿಕೆಯ ಮಾತುಗಳನ್ನು ಹೇಳಬಹುದು, ಅದೂ ಆ ನಂಬಿಕೆಗೆ ಆಧಾರವೇನೆಂದು ತಿಳಿಸಿದರೆ.

ನಮ್ಮ ಸೀಮೆಯ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಹೊಲದ ತಕರಾರಿನಲ್ಲಿ ರೈತನೊಬ್ಬ ತಡೆಯಾಜ್ಞೆ ಕೇಳಿ ಅರ್ಜಿ ಹಾಕುತ್ತಾನೆ. ‘ಈ ವರ್ಷ ಆ ಹೊಲದಲ್ಲಿ ನಾನೇ ತೊಗರಿ ಬಿತ್ತಿದ್ದೇನೆ’ ಎಂಬುದು ಅವನ ಸ್ವಂತ ತಿಳಿವು, ಏಕೆಂದರೆ ಕೂರಿಗೆಯ ಹಿಂದೆ ನಡೆದವನು ಅವನೇ. ‘ನನ್ನ ಅಜ್ಜ ಈ ಹೊಲವನ್ನು ಖರೀದಿ ಮಾಡಿದ್ದರು’ ಎಂಬುದು ಅವನು ಹುಟ್ಟುವ ಮೊದಲಿನ ಮಾತು. ಅದನ್ನು ಅವನು ಖರೀದಿ ಪತ್ರದಿಂದಲೋ ತಂದೆಯ ಬಾಯಿಂದಲೋ ತಿಳಿದಿದ್ದಾನೆ. ಅದು ಮಾಹಿತಿ, ಎಲ್ಲಿಂದ ಬಂತೆಂದು ಬರೆಯಬೇಕು. ‘ನಾನು ರಾಶಿ ಮಾಡುವ ಮೊದಲೇ ಎದುರುದಾರರು ಫಸಲು ಕೊಯ್ದುಕೊಂಡು ಹೋಗುವರು’ ಎಂಬುದು ಇನ್ನೂ ನಡೆಯದ ಸಂಗತಿ. ಅದು ನಂಬಿಕೆ. ಹಾಗೆ ನಂಬಲು ಕಾರಣ ಬೇಕು: ಮೊನ್ನೆ ಅವರು ಆಳುಗಳೊಂದಿಗೆ ಬದುವಿನ ತನಕ ಬಂದು ಬೆದರಿಸಿ ಹೋಗಿರಬಹುದು. ಈಗ ನಿಮ್ಮ ಕೊನೆಯ ಸಾಲು ಹೀಗಾಗಬೇಕು: ‘ಇಂಥ ಪ್ಯಾರಾಗಳಲ್ಲಿ ಹೇಳಿದ್ದು ನನ್ನ ಸ್ವಂತ ತಿಳಿವಿನಿಂದ ಸತ್ಯ, ಇಂಥ ಪ್ಯಾರಾದ ಸಂಗತಿಗಳನ್ನು ಇಂಥ ದಾಖಲೆಯಿಂದ ತಿಳಿದಿದ್ದೇನೆ, ಇಂಥ ಪ್ಯಾರಾದಲ್ಲಿ ಹೇಳಿದ್ದನ್ನು ಅಲ್ಲಿಯೇ ತಿಳಿಸಿದ ಕಾರಣಕ್ಕಾಗಿ ನಂಬಿದ್ದೇನೆ.’ ನಾಲ್ಕು ಸಾಲು ಹೆಚ್ಚಾಗುತ್ತದೆ, ಅಷ್ಟೇ.

ಇದು ಬಡ ರೈತನಿಗಷ್ಟೇ ಹಾಕಿದ ಕಟ್ಟಳೆಯಲ್ಲ. 1952ರಲ್ಲಿ ಮುಂಬಯಿ ರಾಜ್ಯ ಮತ್ತು ಪುರುಷೋತ್ತಮ ಜೋಗ್ ನಾಯಕ್ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಸರ್ಕಾರದ ಕಾರ್ಯದರ್ಶಿಯೊಬ್ಬರ ಅಫಿಡವಿಟ್‌ನಲ್ಲಿ ಇದೇ ದೋಷವನ್ನು ಎತ್ತಿ ತೋರಿಸಿತು. ಒಳಗಡೆ ಅಧಿಕಾರಿಗೆ ಖುದ್ದಾಗಿ ಗೊತ್ತಿದ್ದ ಸಂಗತಿಗಳಿದ್ದವು; ಕೊನೆಯಲ್ಲಿ ಮಾತ್ರ ಎಲ್ಲವೂ ಮಾಹಿತಿ ಮತ್ತು ನಂಬಿಕೆಯ ಮಟ್ಟಿಗೆ ಸತ್ಯ ಎಂದಿತ್ತು. ಇಂಥ ಅಡ್ಡಾದಿಡ್ಡಿ ಕೊನೆಯ ಸಾಲಿನಿಂದ ಅಫಿಡವಿಟ್ ತಿರಸ್ಕೃತವಾಗುವ ಸಂಭವವಿದೆ ಎಂದು ನ್ಯಾಯಾಲಯ ಎಚ್ಚರಿಸಿತು. ಏಕೆ ಇಷ್ಟು ಬಿಗಿ ಎಂದರೆ, ಎಲ್ಲವೂ ‘ನಂಬಿಕೆಯ ಮಟ್ಟಿಗೆ’ ಎಂದವನು ನಾಳೆ ಸುಳ್ಳು ಹೊರಬಿದ್ದಾಗ ‘ನಾನು ಹಾಗೆ ನಂಬಿದ್ದೆ’ ಎಂದು ಜಾರಿಕೊಳ್ಳುತ್ತಾನೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 229ನೆಯ ಕಲಮಿನಲ್ಲಿ ನ್ಯಾಯಾಲಯದ ನಡವಳಿಯಲ್ಲಿ ಬೇಕೆಂದೇ ಕೊಡುವ ಸುಳ್ಳು ಸಾಕ್ಷ್ಯಕ್ಕೆ 7 ವರ್ಷದವರೆಗೆ ಸೆರೆವಾಸವಿದೆ. ಆ ಕಲಮಿಗೆ ಸಿಕ್ಕುವವರು ಗಿರಾಕಿಗಳು. ಅವರು ಹೇಳದ ಮಾತನ್ನು ನಿಮ್ಮ ಕಂಪ್ಯೂಟರಿನ ಹಳೆಯ ಕಡತ ಹೇಳದಂತೆ ನೋಡಿಕೊಳ್ಳುವುದು ನಿಮ್ಮ ಕೈಯಲ್ಲಿದೆ.

ಪ್ರಶ್ನೆ: ಅಫಿಡವಿಟ್‌ಗೆ ‘ಬಾಂಡ್ ಪೇಪರ್’ ಕಡ್ಡಾಯವೇ? ಬಿಳಿ ಹಾಳೆಯ ಮೇಲೆ ಬರೆದರೆ ನಡೆಯುವುದಿಲ್ಲವೇ?
— ಚಿಂಚೋಳಿಯ ಓದುಗರು

ಉತ್ತರ: ಮೊದಲು ಪದ. ಬಾಂಡ್ ಎಂದರೆ ಹಣ ಕೊಡಲು ಅಥವಾ ಒಂದು ಷರತ್ತಿಗೆ ಕಟ್ಟುಬಿದ್ದು ಬರೆದುಕೊಡುವ ಮುಚ್ಚಳಿಕೆ. ಅಂಥ ಮುಚ್ಚಳಿಕೆಗಳನ್ನು ಛಾಪಾ ಕಾಗದದ ಮೇಲೆ ಬರೆಯುತ್ತಿದ್ದುದರಿಂದ ಕಾಗದಕ್ಕೇ ಆ ಹೆಸರು ಅಂಟಿತು. ನಿಮಗೆ ಬೇಕಾದದ್ದು ಸ್ಟ್ಯಾಂಪ್ ಪೇಪರ್, ಈಗಿನ ಕಾಲದಲ್ಲಿ ಇ-ಸ್ಟ್ಯಾಂಪ್. ಅದು ಸರ್ಕಾರಕ್ಕೆ ಸಲ್ಲುವ ಶುಲ್ಕದ ಗುರುತು. ಅಫಿಡವಿಟ್ ಆಗುವುದು ಅಧಿಕಾರವುಳ್ಳವರ ಮುಂದೆ ಮಾಡಿದ ಆಣೆಯಿಂದ. ಶುಲ್ಕ ಬೇರೆ, ಆಣೆ ಬೇರೆ. ನೇರವಾಗಿ ಕೋರ್ಟಿಗೆ ಸಲ್ಲಿಸಲೆಂದೇ ಮಾಡುವ ಅಫಿಡವಿಟ್‌ಗಳು ಸಾದಾ ಹಾಳೆಯ ಮೇಲೆಯೇ ಇರುತ್ತವೆ, ಸ್ಟ್ಯಾಂಪ್ ಕಾನೂನು ಅವಕ್ಕೆ ವಿನಾಯಿತಿ ಕೊಟ್ಟಿದೆ. ಕಚೇರಿಗಳಿಗೆ ಕೊಡುವಂಥವಕ್ಕೆ ನಿಗದಿಯಾದ ಮೊತ್ತದ ಸ್ಟ್ಯಾಂಪ್ ಬೇಕು. ಹೆಚ್ಚಿನ ಮೊತ್ತದ ಕಾಗದ ತಂದರೆ ಆಣೆಗೆ ಹೆಚ್ಚು ಬಲ ಬರುತ್ತದೆ ಎಂದು ಯಾರಾದರೂ ಹೇಳಿದರೆ, ಅದು ಕಾಗದ ಮಾರುವವರ ಮಾತು. ಅಲ್ಲದೆ, ಅರ್ಜಿಯಲ್ಲಿ ‘ಸ್ವಯಂ ಘೋಷಣೆ’ ಎಂದಷ್ಟೇ ಇದ್ದರೆ ನೋಟರಿಯೂ ಬೇಡ, ಸ್ಟ್ಯಾಂಪೂ ಬೇಡ. ನಿಮ್ಮ ಸಹಿ ಸಾಕು.

ಪ್ರಶ್ನೆ: ಕೇವಿಯಟ್ ಹಾಕಿದರೆ ತಡೆಯಾಜ್ಞೆ ಸಿಕ್ಕಂತೆಯೇ?
— ಸುರಪುರದ ಓದುಗರು

ಉತ್ತರ: ಇಲ್ಲ. ಕೇವಿಯಟ್ ಕೂಡ ಲ್ಯಾಟಿನ್ ಕ್ರಿಯಾಪದ: ‘ಅವನು ಎಚ್ಚರದಿಂದಿರಲಿ’. ಎದುರಾಳಿ ಕೋರ್ಟಿಗೆ ಹೋಗಿ ನಿಮಗೆ ತಿಳಿಯದಂತೆ ಆದೇಶ ತರಬಹುದೆಂಬ ಶಂಕೆಯಿದ್ದಾಗ, ‘ನನ್ನ ಮಾತನ್ನೂ ಕೇಳಿ’ ಎಂದು ಮೊದಲೇ ಹೇಳಿಡುವುದು ಅದು. ಸಿವಿಲ್ ಪ್ರಕ್ರಿಯಾ ಸಂಹಿತೆಗೆ 1976ರ ತಿದ್ದುಪಡಿಯಿಂದ ಸೇರಿದ 148-ಎ ಕಲಮಿನಲ್ಲಿ ಇದಕ್ಕೆ ಅವಕಾಶವಿದೆ, ಅವಧಿ 90 ದಿನ. ಆಮೇಲೂ ಶಂಕೆ ಉಳಿದಿದ್ದರೆ ಹೊಸದಾಗಿ ಹಾಕಬೇಕು. ಕೆಲವರು ಇದನ್ನು ‘ಕಾವ್ಯೇಟ್’ ಎಂದು ಬರೆಯುವುದನ್ನು ನೋಡಿದ್ದೇನೆ. ಕಾವ್ಯಕ್ಕೂ ಇದಕ್ಕೂ ಸಂಬಂಧವಿಲ್ಲ.